ಸೊನ್ನೆ ನೋಡ್ಕೊಳ್ಳಿ

ಸೇತುವೆಯಾಚೆ ಕೊಪ್ಪದ ಬಂಕಿನಲ್ಲಿ
ಲೀಟರಿಗೆ ಒಂದು ರೂಪಾಯಿ ಹದಿನೆಂಟು ಪೈಸೆ ಕಡಿಮೆ.
ಹದಿನೆಂಟು ಪೈಸೆಗೆ ಈಗ ಏನು ಬರುತ್ತದೆ?
ಬಸ್ಸಿನ ಕಂಡಕ್ಟರೂ ಕೊಡುವುದಿಲ್ಲ, ಭಿಕ್ಷುಕನೂ ತಗೊಳ್ಳುವುದಿಲ್ಲ.
ಆದರೂ ಬೆಳಿಗ್ಗೆ ಆರಕ್ಕೆ ಫಲಕದ ಮೇಲೆ
ಮೂಗುಬೊಟ್ಟಿನ ಹರಳಿನ ಹಾಗೆ
ಅದೊಂದೇ ಹೊಳೆಯುತ್ತದೆ ನನಗೆ.

ನನ್ನ ಓಮ್ನಿಯಲ್ಲಿ ಹನ್ನೊಂದು ಮಕ್ಕಳು.
ಸೀಟು ಎಷ್ಟು ಅಂತ ಕೇಳಬೇಡಿ.
ಮುಳ್ಳುಸೋಗೆಯಲ್ಲಿ ಶುರು, ಗುಮ್ಮನಕೊಲ್ಲಿ ಸುತ್ತಿ,
ಶೂ ಲೇಸು ಕಟ್ಟಿಸಿಕೊಳ್ಳುವ ಒಬ್ಬನಿಗೆ ಕಾದು,
ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕುಶಾಲನಗರದ ಶಾಲೆ ಗೇಟು.
ಫೀಸು ಏರಿಸಿ ಮೂರು ವರ್ಷವಾಯಿತು.
ಐವತ್ತು ರೂಪಾಯಿ ಜಾಸ್ತಿ ಕೇಳಲು
ಹನ್ನೊಂದು ಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಬೇಕು.
ಪೆಟ್ರೋಲು ಗಂಟಲು ಸರಿಮಾಡುವುದಿಲ್ಲ.

ನಮ್ಮ ಬಾಪ ಸೇತುವೆಯಾಚೆಗೆ 'ಮೈಸೂರು' ಅನ್ನುತ್ತಿದ್ದರು,
ಬೇರೆ ರಾಜ್ಯಕ್ಕೆ ಹೊರಟವರ ಹಾಗೆ ಟೋಪಿ ಸರಿಮಾಡಿಕೊಂಡು.
ಈಗ ಅದು ಬರೀ ಬೇರೆ ಜಿಲ್ಲೆ.
ಟ್ಯಾಂಕರು ಅಲ್ಲಿಂದಲೇ ಬರುವುದು;
ಕಾವೇರಿ ದಾಟುವಷ್ಟರಲ್ಲಿ ಅದಕ್ಕೇನು ಬಿಗುಮಾನ ಹತ್ತುತ್ತದೋ,
ಈ ದಡಕ್ಕೆ ಬಂದರೆ ದುಬಾರಿ.
ಕೆಳಗಿನ ನೀರಿಗೆ ಈ ಬುದ್ಧಿ ಇಲ್ಲ.

ಲೆಕ್ಕವನ್ನು ಡ್ಯಾಶ್‌ಬೋರ್ಡಿನ ಮೇಲೇ ಬರೆದಿದ್ದೇನೆ:
ಹದಿನೈದು ಲೀಟರಿಗೆ ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಉಳಿತಾಯ.
ಹೋಗಿಬರಲು ಎರಡು ಕಿಲೋಮೀಟರು, ಹದಿನಾಲ್ಕು ಚಿಲ್ಲರೆ ಖರ್ಚು.
ಉಳಿಯುವುದು ಮೂರು ರೂಪಾಯಿ,
ಅದೂ ಶನಿವಾರ ಅಲ್ಲದಿದ್ದರೆ.
ಶನಿವಾರ ಪ್ರವಾಸಿಗಳ ಕಾರು ಸೇತುವೆ ತುಂಬ ಕೂತಿರುತ್ತದೆ,
ನನ್ನ ಮೂರು ರೂಪಾಯಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ.
'ಮೂರು ರೂಪಾಯಿಗೆ ಜಿಲ್ಲೆ ದಾಟ್ತೀರಾ?' ಅಂದಳು ನಬೀಸ,
ತೊಗರಿಬೇಳೆಗೆ ಎರಡು ಅಂಗಡಿ ದಾಟಿ ಮೂರನೆಯದಕ್ಕೆ ಹೋಗುವ ನಬೀಸ.

ಕಷ್ಟ ಬೇರೆ ಉಂಟು.
ಈಚೆ ಬಂಕಿನಲ್ಲಿ ರೋಸ್ಲಿ ಇದ್ದಾಳೆ.
ತಿಂಗಳ ಇಪ್ಪತ್ತೈದರ ನಂತರ ನನ್ನ ಜೇಬು ನೋಡದೆ
ನೀಲಿ ಪುಸ್ತಕದಲ್ಲಿ ಬರೆದುಕೊಂಡು ಹಾಕುವವಳು.
'ಸೊನ್ನೆ ನೋಡ್ಕೊಳ್ಳಿ ಮೊಯ್ದುಕ್ಕ,' ಪ್ರತಿ ಸಲ,
ಹತ್ತು ವರ್ಷದಿಂದ ನಾನು ನೋಡದಿದ್ದರೂ.
ಕೈಯಲ್ಲಿ ಕಾಸಿದ್ದ ದಿನ ಅವಳ ಮುಂದೆಯೇ ಆಚೆ ಹೋಗಬೇಕು.
ಬಾಕಿ ಇಟ್ಟ ಅಂಗಡಿಯ ಮುಂದೆ ನಡೆಯುವಂತೆ
ಎದುರುಗಡೆಯ ಬೇಕರಿ ಬೋರ್ಡು ಓದುತ್ತಾ ಗಾಡಿ ಬಿಡುತ್ತೇನೆ.
ಹಿಂದಿನಿಂದ ಹನ್ನೊಂದು ಕಂಠ: 'ರೋಸ್ಲಿ ಆಂಟೀ!'

ಮೊನ್ನೆ ಭಾನುವಾರ ಕೊಪ್ಪದಲ್ಲಿ ಕ್ಯೂ.
ಮುಂದೆ ಸ್ಕೂಟರಿನ ಮೇಲೆ ಒಬ್ಬ ಲಾಮಾ,
ಕೆಂಪು ವಸ್ತ್ರದ ಮಡಿಕೆಯಿಂದ ನೋಟು ಹುಡುಕುತ್ತಿದ್ದ.
ಅವನ ಹಿಂದೆ ಶಾಲು ಹೊದ್ದ ಒಬ್ಬಳು.
ಶಾಲಿನ ಅಂಚಿನಲ್ಲಿ ನಮ್ಮ ಬಂಕಿನ ಸಮವಸ್ತ್ರದ ಕಾಲರು.

ಹೆಲ್ಮೆಟ್ಟು ತೆಗೆದಳು. ನೋಡಿದಳು.
ನಾನು ಬೇಕರಿ ಹುಡುಕಿದೆ; ಅಲ್ಲಿ ಬೇಕರಿ ಇರಲಿಲ್ಲ.
'ಕೆಲಸದವರಿಗೆ ರಿಯಾಯಿತಿ ಅಂತ ಇಲ್ಲ ಮೊಯ್ದುಕ್ಕ,'
ಇಷ್ಟೇ ಹೇಳಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು.
ಆಮೇಲೆ ಆ ಹುಡುಗನ ಕೈ, ಪೈಪು, ಮೀಟರು,
ಹಾವು ನೋಡಿದ ಹಾಗೆ ಕಣ್ಣು ಮಿಟುಕಿಸದೆ ನೋಡಿದಳು.
ಸೊನ್ನೆ ನೋಡುವುದು ಅಂದರೆ ಹೇಗೆ ಅಂತ
ಆವತ್ತು ಗೊತ್ತಾಯಿತು ನನಗೆ.

ಸೇತುವೆ ಮೇಲೆ ಅವಳು ಮುಂದೆ, ನಾನು ಹಿಂದೆ.
ಹಾರನ್ ಹೊಡೆಯಲಿಲ್ಲ.

ಇವತ್ತು ಇಪ್ಪತ್ತಾರು. ನೀಲಿ ಪುಸ್ತಕ ಹೊರಬಂತು.
'ಸೊನ್ನೆ...' ಅಂದಳು, ಮುಂದೆ ಹೇಳಲಿಲ್ಲ.
ನಾನೇ ಕತ್ತು ಹೊರಗೆ ಹಾಕಿ ನೋಡಿದೆ.
ಮಕ್ಕಳು ಒಟ್ಟಿಗೆ ಮೀಟರು ಓದತೊಡಗಿದವು,
ಅರವತ್ತೇಳು ಅರವತ್ತೆಂಟು, ಮಗ್ಗಿಗಿಂತ ಜೋರಾಗಿ.
ಆ ಗಲಾಟೆಯಲ್ಲಿ ಕಿಟಕಿಗೆ ಬಗ್ಗಿ ಕೇಳಿದಳು:
'ಅಲ್ಲಿಯ ಅಳತೆ ಸ್ವಲ್ಪ ಕಡಿಮೆ ಅನ್ನಿಸಿತಾ ನಿಮಗೆ?'
'ಒಂದು ಹನಿ.'
'ನಂಗೂ,' ಅಂದಳು, ಬರೆದುಕೊಂಡಳು.