ಎಡಗೈ ಹೊಸತ

ಮೇನ್ ಇಳಿಸಿದಿ? ಇಳಿಸಿ ಕೀಲಿ ಜಡದಿ?
ಕೀಲಿ ನಿನ್ನ ಕಿಸೇದಾಗ ಇರಲಿ, ದಾಕ್ಷಾಯಣಿ,
ಸಾವ್ಕಾರ್ರ ಗಲ್ಲಾದಾಗ ಬ್ಯಾಡ.
ನಿನ್ನ ಪುಸ್ತಕದಾಗ ಇದು ಎಷ್ಟನೇ ಪಾಠೋ ಏನೋ,
ನನ್ನ ಲೆಕ್ಕದಾಗ ಒಂದನೇದು.

ಹುಂಡೇಕಾರರ ಈ ಅಂಗಡಿ
ಮೊದಲ ಒಂದ ಅಂಕಣ ಇತ್ತು, ಒಂದು ಬಲ್ಬು, ಒಂದು ಫ್ಯಾನು.
ಗಾದಿ ಮ್ಯಾಲ ಕುಂತು ಖಣ ಬಿಚ್ಚಿ ತೋರಸ್ತಿದ್ರು,
ಗುಳೇದಗುಡ್ಡದ ಬಿಸಿಲ ಬಾಗಿಲತನಕ ಬಂದು ಬಣ್ಣ ಹೇಳತಿತ್ತು.
ಈಗ ಮೂರು ಮಜಲಿ, ಲಿಫ್ಟು, ಗಾಜಿನ ಬಾಗಿಲ,
ಖಣ ತೊಡಿಸಿ ನಿಲ್ಲಿಸಿದ ತಲಿ ಇಲ್ಲದ ಗೊಂಬಿಗಳು,
ಆರು ಏಸಿ.
ಮೈ ಬೆಳದೈತಿ. ನರ ಮಾತ್ರ ಹಳೇವು.

ಕೆಂಪು ಹಳದಿ ನೀಲಿ ಫೇಸು, ಕರೇದು ನ್ಯೂಟ್ರಲ್,
ಹಸಿರು ಭೂಮಿಗೆ. ನಿನಗ ಗೊತ್ತೈತಿ, ಬಿಡು.
ಆದರ ಹಸಿರು ತಂತಿ ತೀರೇತಂತ
ಕರೇದರ ತುದಿಗೆ ಹಸಿರು ಪಟ್ಟಿ ಸುತ್ತಿ ಸಾಗಹಾಕಬ್ಯಾಡ.
ಪೈಪಿನಾಗ ಅರ್ಧಾನೂ ತುಂಬಬ್ಯಾಡ,
ಬಾಗಲಕೋಟಿ ಟಂಟಂ ಅಲ್ಲ ಅದು,
ತಂತಿಗೂ ಬೆವರ ಆರಬೇಕು.
ಎರಡು ಬಾಗು ಬಂದ್ರ ನಡುವ ಒಂದು ಡಬ್ಬಿ.
ಮಜಲಿ ದಾಟೂ ತೂತಿನ ಸುತ್ತ ಬೆಂಕಿ ತಡಿಯೂ ಮಸಾಲಿ ಮೆತ್ತು;
ಇದಕ್ಯಾಕ ರೊಕ್ಕ ಅಂತ ಸಾವ್ಕಾರ್ರು ಕೇಳಿದರ ಹೇಳು:
ನಿಮಗ ಲಿಫ್ಟು ಬೇಕ್ರಿ, ಬೆಂಕಿಗೆ ಈ ಕಿಂಡಿ ಸಾಕು.

ಡಬ್ಬಿ ಕನ್ನಡಿ ಹಿಂದ ಹೋಗಲಿ ಅಂದ್ರು ನಿನ್ನೆ.
ಚಂದ ಕಾಣೂದಿಲ್ಲಂತ.
ಇಲ್ರಿ ಅಂದೆ. ಜೋಡು ಇದ್ದಲ್ಲಿ ಕೈ ಹೋಗಬೇಕು.
ಕೈ ಹೋಗದ ಜಾಗಾದಾಗ ಜೋಡು ಇರಬಾರದು.
ಭಾಳ ದೊಡ್ಡ ಮಾತು ಆಡಿದೆ ನಾ ನಿನ್ನೆ,
ಎದಿ ಉಬ್ಬಿಸಿ.

ನಿಲ್ಲು. ಛಾಣ ಅಲ್ಲೇ ಇಡು. ಬ್ಯಾಟರಿ ಇತ್ತ ಹಿಡಿ.

ಗಿಲಾವಿನೊಳಗ, ಪೈಪಿನ ನಟ್ಟನಡುವ,
ಡಬ್ಬಿ ಇಲ್ಲ ಗಿಬ್ಬಿ ಇಲ್ಲ,
ತಂತಿಗೆ ತಂತಿ ಹೊಸದು ಪಟ್ಟಿ ಸುತ್ಯಾರ.
ಪಟ್ಟಿ ಕರಗಿ ಹಳೇ ಬೆಲ್ಲದಂಗ ಕಲ್ಲಾಗೇತಿ,
ಪೈಪಿನ ಒಳಮೈಗೆ ಅಂಗೈಯಷ್ಟು ಕಂದು ಕಲೆ.
ಯಾವ ಬೇಕೂಫ ಮಾಡ್ಯಾನಂತ ಕೇಳತಿ.
ಹೊಸತ ನೋಡು, ಸರಿಯಾಗಿ ನೋಡು:
ಎಲ್ಲಾರ ಕೈ ಬಲಕ್ಕ ಹೊಸೀತೈತಿ.
ಇದು ಎಡಕ್ಕ.
ಈ ಊರಾಗ ಎಡಚ ವೈರಮನ್ ಒಬ್ಬನ.

ಲಕ್ಷ್ಮೀಪೂಜಿ ಹಿಂದಿನ ರಾತ್ರಿ ಅದು,
ತಂತಿ ಒಂದು ಗೇಣು ಕಮ್ಮಿ ಬಿತ್ತು,
ಉಸ್ತಾದ ಊಟಕ್ಕ ಹೋಗಿದ್ದ,
ಗೌಂಡಿ ಗಿಲಾವು ಕಲಸಿಕೊಂಡು ಕಾಯತಿದ್ದ.
ಇಪ್ಪತ್ತೊಂದು ವಯಸ್ಸು ನಂದು.

ನಮ್ಮಪ್ಪ ಮಗ್ಗದಾಂವ.
ಬೆರಳಿಗೆ ಬೂದಿ ಹಚ್ಚಿ ಹಾಸು ಕೆಚ್ಚತಿದ್ದ,
ಸಾವಿರ ಎಳಿ, ಒಂದ ಕೂತ ಕೂಡೂದು,
ಕೆಚ್ಚಿದ್ದು ಎಲ್ಲೆಂತ ಅವಗ ಸೈತ ಸಿಗತಿದ್ದಿಲ್ಲ.
ಅವನ ಮಗ ನಾ, ಕಾಣದಂಗ ಕೂಡಿಸೂದು ನನಗೂ ಬರತೈತಿ ಅಂತ
ಆ ರಾತ್ರಿ ಖುಷೀನ ಪಟ್ಟಿದ್ದೆ, ಖರೇ ಹೇಳತೀನಿ.
ನೂಲು ಕಾಯೂದಿಲ್ಲ ಅನ್ನೂದು ತಲಿಗೆ ಹೊಳೀಲಿಲ್ಲ.

ಮೂವತ್ತೆರಡು ದೀಪಾವಳಿ
ಈ ಗ್ವಾಡಿಗೆ ಬೆನ್ನು ಕೊಟ್ಟು ರೇಷ್ಮಿ ನಿಂತಿತ್ತು.
ಹೆಣ್ಣಮಕ್ಕಳು ಸೆರಗು ಬಿಚ್ಚಿ ನೋಡಿ ಹೋದರು,
ನನ್ನ ಹೇಣತಿನೂ,
ಸೀಮಂತದ ಹಸಿರು ಸೀರಿ ಇಲ್ಲೇ ಆರಿಸಿದ್ದು,
ಇದ ಗ್ವಾಡಿಗೆ ಆತು ನಿಂತಿದ್ದಳು, ಕಾಲು ನೋವು ಅಂತ.

ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಅನ್ನೂದು ಕೆಲಸ ಛಲೋ ಇತ್ತು ಅಂತಲ್ಲ.

ಕತ್ತರಿಸು. ಪೂರಾ ತಂತಿ ಎಳದು ತಗಿ, ತುಂಡು ಉಳಿಸಬ್ಯಾಡ.
ನೋಂದಣಿ ಪುಸ್ತಕ ತಗಿ. ಬರಿ:
ಪೂರ್ವದ ಗ್ವಾಡಿ, ಡಬ್ಬಿ ಇಲ್ಲದ ಜೋಡು, ಸುಟ್ಟ ಗುರುತು.
ಮಾಡಿದವರು... ಹೌದು, ಬರಿ.
ಮಾಮಾ ಅಂತಲ್ಲ. ಪೂರಾ ಹೆಸರು,
ಲೈಸೆನ್ಸ್ ನಂಬರ್ ಕೂಡ.

ಕೆಳಗಿಂದ ಸಾವ್ಕಾರ್ರು ಕೂಗತಾರ ನೋಡು,
ಕರೆಂಟ್ ಯಾವಾಗ ಬರತೈತ್ರಿ ಅಂತ.
ನೀನ ಹೇಳು.
ಕೀಲಿ ನಿನ್ನ ಕಡೆ ಐತಲ್ಲ.