ಸುಂಕದಕಟ್ಟೆ

ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರು
‘ಸುಂಕದ್‌ಕಟ್ಟೆ, ಸುಂಕದ್‌ಕಟ್ಟೆ’ ಎಂದು ಕೂಗುವಾಗ
ಒಬ್ಬರೂ ಸುಂಕ ಕೊಡುವುದಿಲ್ಲ,
ಕಟ್ಟೆಯನ್ನು ಹುಡುಕುವುದೂ ಇಲ್ಲ.
ಚೀಲ ಹೆಗಲಿಗೇರಿಸಿ ಇಳಿದುಬಿಡುತ್ತಾರೆ.
ನಾನು ಮಾತ್ರ ಕಿಟಕಿಗೆ ಹಣೆಯೊತ್ತಿ ನೋಡುತ್ತೇನೆ:
ಪಂಕ್ಚರ್ ಅಂಗಡಿಗೂ ಬೇಕರಿಗೂ ನಡುವೆ ಎಲ್ಲೋ
ಬಿದಿರ ಗಳವೊಂದು ಅಡ್ಡ ಇತ್ತಂತೆ,
ಗಳದ ಪಕ್ಕ ಲಾಟೀನು,
ಲಾಟೀನಿನ ಪಕ್ಕ ನನ್ನ ತಾತ.

ಚನ್ನಿಗಪ್ಪ. ಖಾಕಿ ಕೋಟು, ನಶ್ಯದ ಡಬ್ಬಿ,
ಮಸಿಕಾಗದ ಇಟ್ಟ ರಸೀದಿ ಪುಸ್ತಕ.
ಸೊಪ್ಪಿನ ಗಾಡಿಗೆ ಇಷ್ಟು, ಬೆಲ್ಲಕ್ಕೆ ಇಷ್ಟು,
ಅವರೆಕಾಯಿ ಮೂಟೆಗೆ ಎಷ್ಟೆಂಬುದು
ಅವತ್ತಿನ ಅವನ ಹಲ್ಲುನೋವಿಗೆ ಬಿಟ್ಟದ್ದು.
ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ—
ಊರಿಗೆಲ್ಲ ಅದು ಗಾದೆ;
ನಮ್ಮ ಮನೆಗೆ ಸಂಬಳ.
‘ಕೆಟ್ಟೋರಲ್ಲ ನಿಮ್ ತಾತ,’ ಅನ್ನುತ್ತಿದ್ದಳು ಅಜ್ಜಿ,
‘ನಿಧಾನ, ಅಷ್ಟೇಯ.’
ಆ ನಿಧಾನದಲ್ಲಿ ಗಾಡಿಗಳು ಸಾಲುಗಟ್ಟಿ,
ಬಿಸಿಲೇರಿ, ಕೊತ್ತಂಬರಿ ತಲೆಬಾಗಿ,
ಪೇಟೆ ಮುಟ್ಟುವಷ್ಟರಲ್ಲಿ ಅರ್ಧ ಬೆಲೆ.
ಮಿಕ್ಕರ್ಧ ಎಲ್ಲಿ ಹೋಯಿತು?
ಸರ್ಕಾರಕ್ಕಿಲ್ಲ, ಬೆಳೆದವರಿಗಿಲ್ಲ, ಕೊಂಡವರಿಗೂ ಇಲ್ಲ.
ಒಂದೆರಡು ಕಟ್ಟು ನಮ್ಮ ಒಲೆಗೆ ಬಂದದ್ದುಂಟು.
ಉಳಿದದ್ದು ಬಿಸಿಲು ತಿಂದಿತು.

ಗಳ ತೆಗೆಯಿರೆಂದು ಹುಕುಂ ಬಂದ ಮಾರನೆಯ ದಿನ
ತಾತ ಕೋಟು ಮಡಿಸಿಟ್ಟು
ಬರಿಗೈಯಲ್ಲಿ ಕಟ್ಟೆಯ ಮೇಲೆ ಹೋಗಿ ಕೂತ.
ನಸುಕಿನಲ್ಲಿ ತಾವರೆಕೆರೆ ಕಡೆಯಿಂದ
ಗಂಗಬೈರಯ್ಯನ ಗಾಡಿ.
ಅವನು ಮೂಟೆಗಳ ಮೇಲೆ ನಿದ್ದೆ.
ಎತ್ತುಗಳು ಗಳವಿದ್ದ ಜಾಗಕ್ಕೆ ಸರಿಯಾಗಿ ಬಂದು
ನಿಂತವು.
ಮುಂದೆ ರಸ್ತೆ ಖಾಲಿ, ಅದರಾಚೆ ಪೇಟೆ.
ನಿಂತೇ ಇದ್ದವು.
ಕೊನೆಗೆ ತಾತನೇ ಎದ್ದು, ಎಡಗಡೆಯದರ ಬೆನ್ನು ತಟ್ಟಿ
‘ಹೋಗ್ರಪ್ಪಾ, ಯಾರೂ ಇಲ್ಲ’ ಅಂದನಂತೆ.
ರಸೀದಿಯಿಲ್ಲದೆ ಅವನು ಮಾಡಿದ ಒಂದೇ ಕೆಲಸ.

ನಾನು ಕಲಾಸಿಪಾಳ್ಯದ ಸೊಪ್ಪಿನ ಮಂಡಿಯಲ್ಲಿ
ಲೆಕ್ಕ ಬರೆಯುವವಳು.
ಸೇರಿದ ಹೊಸತರಲ್ಲಿ ಅರ್ಥವಾಗದ್ದು ಆ ಟವೆಲ್ಲು.
ದಲ್ಲಾಳಿ ದೊಡ್ಡಸಿದ್ದಣ್ಣ ಕೊಳ್ಳುವವನ ಕೈಹಿಡಿದು
ಬಟ್ಟೆಯಡಿ ಬೆರಳೊತ್ತುವನು;
ಸೊಪ್ಪು ಬೆಳೆದವಳು ಎದುರಿಗೇ ನಿಂತು
ಬಟ್ಟೆ ಅಲುಗುವುದನ್ನು ನೋಡುವಳು.
ಗಳ ಹೋಗಿತ್ತು, ನಿಜ.
ಟವೆಲ್ಲಿನಷ್ಟು ಉಳಿದಿತ್ತು.

ಈಗ ರಾತ್ರಿ ಎರಡೂವರೆಗೆ
ಸೋಲೂರಿನಿಂದ ಪುಟ್ಟಹೊನ್ನಮ್ಮನ ಫೋನು.
ನಮಸ್ಕಾರವಿಲ್ಲ, ಊಟವಾಯಿತಾ ಇಲ್ಲ.
‘ಎಷ್ಟು?’
‘ಕಟ್ಟಿಗೆ ನಾಲ್ಕು. ಬರ್ಬೇಡ. ಚಿಕ್ಕಬಳ್ಳಾಪುರದ್ದು
ಮೂರು ಲಾರಿ ಬಂದು ಕಾಲಿಡೋಕೆ ಜಾಗಿಲ್ಲ.
ಮಡಿವಾಳದಾಗೆ ಹನ್ನೊಂದಂತೆ.’
ಕಟ್.
ಅವಳ ಟೆಂಪೋ ನೈಸ್ ರಸ್ತೆಗೆ ಹೊರಳುತ್ತದೆ, ಟೋಲ್ ಕಟ್ಟಿ
(ಸುಂಕ ಸಾಯುವುದಿಲ್ಲ, ಹೆಸರು ಬದಲಿಸಿಕೊಳ್ಳುತ್ತದೆ).
ಬೆಳಗ್ಗೆ ಬೊಮ್ಮನಹಳ್ಳಿಯ ಮೆಸ್ಸಿನಲ್ಲಿ ಒಬ್ಬ
ಹಸಿಕಟ್ಟನ್ನು ಮೂಗಿಗೆ ಹಿಡಿಯುತ್ತಾನೆ.
ಅವನಿಗೆ ಸೋಲೂರು ಗೊತ್ತಿಲ್ಲ,
ಅವಳಿಗೆ ಅವನ ಸಾರು ಗೊತ್ತಿಲ್ಲ.
ನಡುವೆ ಓಡಾಡಿದ್ದು ಬರೀ ಒಂದು ಅಂಕಿ.
ಸುದ್ದಿ ಎಲ್ಲರಿಗೂ ಮುಟ್ಟಿ, ಏಳು ಗಂಟೆಗೆ
ಅಲ್ಲಿಯ ಹನ್ನೊಂದು ಏಳಾಗುತ್ತದೆ,
ಇಲ್ಲಿಯ ನಾಲ್ಕು ಆರಕ್ಕೇರುತ್ತದೆ.
ತಿಪ್ಪೆಗೆ ಬೀಳುವ ಸೊಪ್ಪು ಕಡಿಮೆ;
ಮಾರ್ಕೆಟ್ಟಿನ ಹಸುಗಳಿಗೆ ಇದು ಸರಿಬಂದಿಲ್ಲ.

ದೊಡ್ಡಸಿದ್ದಣ್ಣನ ಟವೆಲ್ಲು ಈಗ ಬೆವರಿಗಷ್ಟೇ.
ಟೀ ಅಂಗಡಿಯ ಬೆಂಚಿನಲ್ಲಿ ಕೂತಿರುತ್ತಾನೆ,
ಬೆರಳುಗಳು ತನ್ನ ತೊಡೆಯ ಮೇಲೆಯೇ ದರ ಒತ್ತುತ್ತವೆ.
ಮೂವತ್ತು ವರ್ಷದ ಆ ವಿದ್ಯೆಯನ್ನು
ಯಾವ ಕಾಲಮ್ಮಿನಲ್ಲಿ ಬರೆಯಲಿ? ತಿಳಿಯದೆ
ಅವನ ಟೀಗೆ ನಾನೇ ಕೊಡುತ್ತೇನೆ, ಕೆಲವು ದಿನ.

ನಿನ್ನೆ ಸೋಲೂರಿನ ಟವರು ಕೆಟ್ಟಿತ್ತು.
ಪುಟ್ಟಹೊನ್ನಮ್ಮನ ಟೆಂಪೋ ಹಳೇ ಅಭ್ಯಾಸದಲ್ಲಿ
ನೇರ ಇಲ್ಲಿಗೇ ಬಂದು, ರಾಶಿಯ ಮುಂದೆ
ನಿಂತಿತು.
ಸಾಹುಕಾರರು ಕೆಮ್ಮುತ್ತಿದ್ದರೂ ಎದ್ದುಹೋಗಿ
ಬಾನೆಟ್ ತಟ್ಟಿದೆ: ‘ಮಡಿವಾಳಕ್ಕೆ ನಡಿಯಮ್ಮಾ.’
‘ನಿಂಗೇನೇ ಲಾಭ?’ ಅಂದಳು.
ಉತ್ತರಕ್ಕೆ ಕಾಯದೆ ಒಂದು ಕಟ್ಟು ಕೊತ್ತಂಬರಿ
ನನ್ನ ಮಡಿಲಿಗೆಸೆದು ಗೇರು ಬದಲಿಸಿದಳು.
ಸುಂಕವೋ, ಮಾಮೂಲೋ, ಇನ್ನೇನೋ—
ಸಂಜೆ ಸಾರಿಗೆ ಹಾಕಿದೆ.