ಷರಾ

ಸಾಸವಡದ ತಹಸೀಲು ಕಚೇರಿ, ಹಿಂದಿನ ಕೋಣೆ.
ಹಳೆಯ ಪೀಕು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ.
ಸರ್ವೆ ನಂಬರು, ಗುಂಟೆ, ಪೀಕು, ಷರಾ.
ಬೆಳಗಿನಿಂದ ಸಂಜೆಯತನಕ ಒಂದೇ ಹೊಲದಲ್ಲಿ
ಅರವತ್ತು ವರ್ಷ ನಡೆಯುತ್ತೇನೆ, ಕಾಲಿಗೆ ಕೆಸರಿಲ್ಲ.

ನಂಬರು ನೂರಾ ಹದಿನೇಳು, ಇಸವಿ ಅರವತ್ತೆರಡು.
ಆಗಿನ ತಲಾಠಿಯದು ದುಂಡಗಿನ ಅಕ್ಷರ, ಪುಡಿ ಕದಡಿದ ಶಾಯಿ:
ಬಾಜ್ರಿ ಹತ್ತಾಣೆ, ಮಟಕಿ ಮೂರಾಣೆ, ಹುಲಗಾ ಎರಡಾಣೆ,
ಅಂಬಾಡಿ ಅರ್ಧ, ಕಾರಳೆ ಅರ್ಧ.
ನಾನು ಜತ್ತದ ಕಡೆಯವನು; ಓದುತ್ತಿದ್ದ ಹಾಗೆ ನಾಲಿಗೆ ತಾನೇ
ಸಜ್ಜೆ, ಮಡಿಕೆ, ಹುರುಳಿ, ಪುಂಡಿ, ಗುರೆಳ್ಳು ಅನ್ನುತ್ತದೆ.
ಅವ್ವ ಇದಕ್ಕೆ ಅಕ್ಕಡಿ ಅನ್ನುತ್ತಿದ್ದಳು.
ಹೊಲ ಕೂಡಿಸಿದರೆ ಹದಿನಾರಾಣೆ,
ಊಟ ಕೂಡಿಸಿದರೂ ಅಷ್ಟೇ.

ಎಪ್ಪತ್ತೊಂಬತ್ತರಲ್ಲಿ ಬಾವಿಗೆ ಕರೆಂಟು, ಕಚೇರಿಗೆ ಬಾಲ್‌ಪೆನ್ನು.
ಆಣೆ ಹೋಯಿತು. ರೂಪಾಯಿಯಿಂದ ಹೋಗಿ ಎಷ್ಟೋ ಕಾಲವಾಗಿತ್ತು,
ಹೊಲದಿಂದ ಹೋದದ್ದು ಈಗ.
ಕಬ್ಬು. ಸದರಿ. ಸದರಿ. ಸದರಿ.
ತೊಂಬತ್ತೊಂದರಿಂದ ಅಂಜೂರ, ಪಕ್ಕದ ನಂಬರಿನಲ್ಲಿ ಸೀತಾಫಲ,
ಅದರಾಚೆ ದಸರೆಗೆಂದು ಚೆಂಡುಹೂವು.

ಸಾಹೇಬರ ಕೋಣೆಯ ನಕ್ಷೆಯಲ್ಲಿ ಗೆರೆ ಮೇಲಕ್ಕೇರಿದೆ:
ತಾಲೂಕಿನಲ್ಲಿ ಬೆಳೆ ವೈವಿಧ್ಯ ಹೆಚ್ಚಿದೆ.
ಸುಳ್ಳಲ್ಲ. ಅಂಜೂರದ ದುಡ್ಡಿಗೆ ಮಹಡಿ ಎದ್ದಿವೆ,
ಹುಡುಗಿಯರು ಪುಣೆಯಲ್ಲಿ ಓದಿದ್ದಾರೆ;
ಸಜ್ಜೆ ಮಾರಿ ಯಾರೂ ಸ್ಕೂಟಿ ಕೊಂಡದ್ದಿಲ್ಲ.
ಆದರೆ ಗೆರೆ ಎಣಿಸಿದ್ದು ಎಷ್ಟು ಹೊಲಕ್ಕೆ ಎಷ್ಟು ಬಗೆ ಅಂತ,
ಒಂದು ಹೊಲದೊಳಗೆ ಎಷ್ಟು ಅಂತ ಕೇಳಿಯೇ ಇಲ್ಲ.

ಮೊನ್ನೆ ಅದೇ ನೂರಾ ಹದಿನೇಳರ ತಾನೂಬಾಯಿ ಕುಂಜೀರ ಬಂದಳು.
ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು:
ಮಣ್ಣಿನದೇ ಬಣ್ಣ, ಹಿಡಿಯಷ್ಟು ಮಡಿಕೆಕಾಳು.
"ಅಂಜೂರದ ಸಾಲಿನ ನಡುವೆ ಹಾಕಿದೀನಿ, ಬರಕೋ."
ನನ್ನ ಪರದೆಯಲ್ಲಿ ಒಂದು ನಂಬರಿಗೆ ಒಂದೇ ಪೀಕು.
ಕೆಳಗೊಂದು "ಇತರೆ" ಇದೆ,
ಒತ್ತಿದರೆ ಕ್ಷೇತ್ರ ಎಷ್ಟು ಎಂದು ಕೇಳುತ್ತದೆ.
"ಎಷ್ಟು, ಬಾಯಿ?"
ಬೆರಳು ಮಡಚಿದಳು, ಬಿಚ್ಚಿದಳು, ಕಿಟಕಿ ನೋಡಿದಳು.
"ಎರಡಾಣೆ."

ಆಣೆ ಅಂದರೆ ಎಷ್ಟು ಸರ್, ಅಂದ ಪಕ್ಕದ ಕುರ್ಚಿಯ ಹುಡುಗ.
ಹೇಳಲು ಹೋಗಿ ಸುಮ್ಮನಾದೆ. ಗುಂಟೆಯಲ್ಲಿ ಹೇಳಬಹುದಿತ್ತು.

ಅವಳು ಹೋದ ಮೇಲೆ ಹಾಳೆ ಪ್ರಿಂಟು ತೆಗೆದು
ಷರಾ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ಬರೆದೆ:
ಅಂಜೂರ ಹದಿನಾಲ್ಕು, ಮಡಿಕೆ ಎರಡು.
ಕೂಡಿಸಿ ನೋಡಿದೆ. ಸರಿಯಿದೆ.
ಪೆನ್ಸಿಲಿಗೆ ದಾಖಲೆಯ ಬೆಲೆಯಿಲ್ಲ, ಗೊತ್ತು.

ಕಾಳು ಆಕೆ ಒಯ್ಯಲಿಲ್ಲ.
ಮನೆಗೆ ತಂದು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ.
ಇವತ್ತು ಬೆಳಿಗ್ಗೆ ನೋಡಿದರೆ,
ಒಂದೊಂದಕ್ಕೂ ಬಿಳಿ ಬಾಲ.